ಇಲ್ಲ ಅನ್ನೋರು ಯಾರಮ್ಮ?

ಟೈಪ್ ಮೇಷ್ಟ್ರ ಹಣೆಯಲ್ಲಿ ವಿಭೂತಿಯ ಪಕ್ಕದಲ್ಲೇ ಒಂದು ನೇರಳೆ ಮಚ್ಚೆ ಇರುತ್ತಿತ್ತು. ಹುಟ್ಟುಮಚ್ಚೆಯಲ್ಲ. ಕಾರ್ಬನ್ ಕಾಗದ ಮುಟ್ಟಿದ ಬೆರಳಲ್ಲೇ ಬೆವರು ಒರೆಸಿಕೊಳ್ಳುವ ಚಾಳಿ ಅವರದು. ಸಂಜೆ ಹೊತ್ತಿಗೆ ಅದು ಹುಬ್ಬಿನವರೆಗೂ ಇಳಿದಿರುತ್ತಿತ್ತು. ‘ಮೇಷ್ಟ್ರೇ, ಹಣೆ’ ಎಂದರೆ, ‘ಇರ್ಲಿ ಬುಡಿ, ಇವತ್ತು ಕೆಲಸ ಇತ್ತು ಅಂತ ಮನೇಲಿ ಗೊತ್ತಾಗ್ಲಿ’ ಅನ್ನುತ್ತಿದ್ದರು.

ಲಕ್ಷ್ಮೀಪುರಂನಲ್ಲಿ ನಮ್ಮ ಸೋದರಮಾವನ ಮನೆಯ ಎದುರು ಸಾಲಿನ ಒಂದು ಕೋಣೆ. ಅದರಲ್ಲಿ ಎರಡು ಮಿಷನ್ನು ಇಟ್ಟುಕೊಂಡು ಟೈಪಿಂಗ್ ಕಲಿಸುತ್ತಿದ್ದರು, ಕಾಲೇಜಿನವರ ಪ್ರಬಂಧಗಳನ್ನೂ ಟೈಪ್ ಮಾಡಿಕೊಡುತ್ತಿದ್ದರು. ಚಿಕ್ಕಂದಿನಲ್ಲಿ ಮಠದ ಪಾಠಶಾಲೆಯಲ್ಲಿ ತರ್ಕ ಓದಿದವರಂತೆ. ‘ತರ್ಕ ಅನ್ನ ಹಾಕ್ಲಿಲ್ಲ ಕಣಮ್ಮ, ಈ ಮಿಷನ್ನು ಹಾಕ್ತು’ ಎಂದು ನಗುತ್ತಿದ್ದರು.

ನಾನು ಮೇಟಗಳ್ಳಿ ಆಚೆಯ ಹಳ್ಳಿಯವಳು. ನಮ್ಮ ಒಕ್ಕಲು ಮನೆತನದಲ್ಲಿ ಎಂ.ಎ.ವರೆಗೆ ಬಂದವಳು ನಾನೊಬ್ಬಳೇ, ಅದರ ಜಂಬವೂ ಕೊಂಚ ಜಾಸ್ತಿಯೇ ಇತ್ತು. ಹಳ್ಳಿಯ ಕೆರೆಗಳು ಏಕೆ ಹಾಳಾದವು ಎಂದು ಇಂಗ್ಲಿಷಿನಲ್ಲಿ ಅರವತ್ತು ಪುಟ ಬರೆದು ಮೇಷ್ಟ್ರ ಮುಂದಿಟ್ಟೆ. ಅವರು ಮೊದಲ ಪುಟ ಓದಿ ಅಲ್ಲೇ ನಿಂತರು. ಕೆರೆಗಳು ಹಾಳಾಗಲು ಅನೇಕ ಕಾರಣಗಳಿವೆ ಎಂದು ಬರೆದಿದ್ದೆ.

‘ಇದಕ್ಕೆ ಇಲ್ಲ ಅನ್ನೋರು ಯಾರಮ್ಮ?’

‘ಯಾರೂ ಅನ್ನಲ್ಲ ಮೇಷ್ಟ್ರೇ’ ಎಂದೆ, ಹೆಮ್ಮೆಯಿಂದಲೇ.

‘ಹಂಗಾದ್ರೆ ಅರವತ್ತು ಪುಟ ಯಾರಿಗ್ ಹೇಳ್ತಿದೀರಿ? ತರ್ಕದಲ್ಲಿ ಮೊದಲನೇ ಮಾತಿಗೆ ಪ್ರತಿಜ್ಞೆ ಅಂತಾರೆ. ಇದನ್ನ ಸಾಧಿಸಿ ತೋರಿಸ್ತೀನಿ ಅಂತ ಮಾತು ಕೊಡೋದು. ಕೊಟ್ಟ ಮಾತನ್ನ ಕೊನೇ ಪುಟದವರೆಗೂ ನಡೆಸ್ಬೇಕು. ಇದು ಪ್ರತಿಜ್ಞೆ ಅಲ್ಲ, ಸಂತೆ ಸಾಮಾನಿನ ಪಟ್ಟಿ.’

ನನಗೆ ಸಿಟ್ಟು ನೆತ್ತಿಗೇರಿತು. ಟೈಪ್ ಮಾಡು ಎಂದರೆ ಪಾಠ ಹೇಳುತ್ತಾರಲ್ಲ ಎಂದು. ‘ನಮ್ಮೂರ ಕೆರೆ ವಿಷ್ಯ ನಂಗೊತ್ತಿಲ್ವಾ ಮೇಷ್ಟ್ರೇ? ಮೊದ್ಲು ಊರವ್ರೇ ಸೇರಿ ಹೂಳು ಎತ್ತೋರು. ಸರ್ಕಾರದ ಕೆರೆ ಅಂತ ಆದ್ಮೇಲೆ, ನಮಗ್ಯಾಕೆ ಅಂತ ಬುಟ್ಟುಬುಟ್ರು. ಅಷ್ಟೇ’ ಎಂದು ರೇಗಿದೆ.

ಮೇಷ್ಟ್ರು ಮಿಷನ್ನಿಗೆ ಕಾಗದ ಸಿಕ್ಕಿಸಿದರು. ‘ಇದಕ್ಕೆ ಇಲ್ಲ ಅನ್ನೋರಿದಾರೆ. ಮಳೆ ಕಮ್ಮಿ ಅಂತಾರೆ, ಊರವ್ರು ಸೋಮಾರಿಗಳು ಅಂತಾರೆ. ಅವ್ರಿಗೆ ಹೇಳಿ ಈಗ.’

ವಾರವಿಡೀ ಕೂತು ತಿದ್ದಿದೆವು. ಕೆರೆ ಕೆಟ್ಟದ್ದು ಹೂಳಿನಿಂದಲ್ಲ, ಅದನ್ನು ನಮ್ಮದು ಎನ್ನುವವರು ಇಲ್ಲವಾದದ್ದರಿಂದ ಎಂಬ ವಾಕ್ಯ ಕೊನೆಗೆ ನಿಂತಿತು. ಅದಕ್ಕೆ ಸೇರದ ಇಪ್ಪತ್ತು ಪುಟಗಳನ್ನು ಮೇಷ್ಟ್ರೇ ಕೀಳಿಸಿದರು. ನನಗೆ ಹೃದಯ ತುಂಬಿ ಬಂದು, ‘ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಹಾಕೇ ಹಾಕ್ತೀನಿ’ ಎಂದು ಮಾತು ಕೊಟ್ಟೆ. ‘ನನ್ನ ಹೆಸರಾ?’ ಎಂದು ನಕ್ಕರು. ಆದರೆ ಆ ಪುಟ ಟೈಪ್ ಮಾಡುವ ಮುಂಚೆ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದರು.

ನನ್ನ ಮಾರ್ಗದರ್ಶಕರು ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ‘ಟೈಪಿಸ್ಟು ವಾದ ಹೇಳ್ಕೊಟ್ಟ ಅಂತ ಬರೆದ್ರೆ ಪರೀಕ್ಷಕರು ನಗ್ತಾರಮ್ಮ. ಆ ಕೆರೆ ವಾಕ್ಯ ನಿಜವಾಗ್ಲೂ ಅವನದಾ?’

‘ಇಲ್ಲ ಸಾರ್, ನಂದೇ’ ಅಂದುಬಿಟ್ಟೆ.

ಆ ಪುಟವನ್ನು ಮೇಷ್ಟ್ರಿಗೆ ತೋರಿಸಲು ಮುಖವಿಲ್ಲದೆ ಮಾರ್ಕೆಟ್ಟಿನ ಹತ್ತಿರ ಬೇರೆ ಟೈಪಿಸ್ಟನ ಬಳಿ ಹೋದೆ. ಮೇಷ್ಟ್ರ ಮಿಷನ್ನಿನಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಕೂರುತ್ತಿತ್ತು, ಬೇರೆ ಮಿಷನ್ನಿನ ಪುಟ ಎದ್ದು ಕಾಣುತ್ತಿತ್ತು. ಮಾನಗೆಟ್ಟವಳು, ಮೇಷ್ಟ್ರ ಬಳಿಗೇ ವಾಪಸ್ಸು ಹೋದೆ. ಕೆಂಪು ಗೆರೆಯನ್ನು ನೋಡಿದರು. ‘ಇದೇ ಕೊನೇದಾ ಅಮ್ಮ?’ ಎಂದು ಕೇಳಿದರು. ‘ಹೂಂ ಮೇಷ್ಟ್ರೇ’ ಎಂದೆ. ಸೋದರಮಾವ, ಮಾರ್ಗದರ್ಶಕರು, ಲೈಬ್ರರಿಯ ಜವಾನ, ಎಲ್ಲರ ಹೆಸರನ್ನೂ ಒಂದು ತಪ್ಪಿಲ್ಲದೆ ಹೊಡೆದು ಕೊಟ್ಟರು. ಈ ಸಲ ಕೈ ತೊಳೆದಿರಲಿಲ್ಲ. ಪುಟದ ಅಂಚಿನಲ್ಲಿ ಅವರ ಹೆಬ್ಬೆರಳಿನ ನೇರಳೆ ಗುರುತು ಉಳಿದಿತ್ತು. ಮನೆಗೆ ಬಂದು ರಬ್ಬರಿನಲ್ಲಿ ಅದನ್ನೂ ಉಜ್ಜಿ ಅಳಿಸಿದೆ.

ಆ ವಾಕ್ಯದಿಂದಲೇ ಒಳ್ಳೆಯ ದರ್ಜೆ ಬಂತು, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಆಮೇಲೆ ಸೋದರಮಾವನ ಮನೆಗೆ ಹೋಗುವಾಗಲೆಲ್ಲ ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಿದ್ದೆ. ತರಗತಿಯಲ್ಲಿ ಮಾತ್ರ, ಯಾವ ಹುಡುಗಿ ಪ್ರಬಂಧ ತಂದರೂ ‘ಇದಕ್ಕೆ ಇಲ್ಲ ಅನ್ನೋರು ಯಾರು?’ ಎಂದು ಕೇಳುತ್ತಿದ್ದೆ. ಹುಡುಗಿಯರು ಅದನ್ನು ‘ಮೇಡಂ ಪ್ರಶ್ನೆ’ ಅನ್ನುತ್ತಿದ್ದರು. ಅನ್ನಲಿ ಎಂದು ಸುಮ್ಮನಿದ್ದೆ.

ಅರವತ್ತರ ದಶಕದಲ್ಲಿ ಒಂದು ಬೆಳಿಗ್ಗೆ ಮಾವ ಹೇಳಿಕಳಿಸಿದರು, ಮೇಷ್ಟ್ರು ಹೋಗಿಬಿಟ್ಟರು ಎಂದು. ಹೋದೆ. ಯಾರೋ ಹಣೆಯನ್ನು ಚೆನ್ನಾಗಿ ಒರೆಸಿ ವಿಭೂತಿ ಬಳಿದಿದ್ದರು. ನೇರಳೆ ಮಚ್ಚೆ ಇರಲಿಲ್ಲ. ‘ತಾವು ಯಾರಮ್ಮ, ಗುರುತು ಸಿಗ್ಲಿಲ್ಲ’ ಎಂದರು ಅವರ ಹೆಂಡತಿ. ಶಿಷ್ಯೆ ಎನ್ನಲು ನಾಲಿಗೆ ಹೊರಳಲಿಲ್ಲ. ‘ಟೈಪ್ ಮಾಡಿಸ್ಕೊಳ್ಳೋಕೆ ಬರ್ತಿದ್ದೆ’ ಎಂದೆ.

ಅವರ ಹೆಸರನ್ನು ಇಲ್ಲಿ ಬರೆಯುವ ಯೋಗ್ಯತೆಯನ್ನು ನಾನು ‘ಇಲ್ಲ ಸಾರ್’ ಅಂದ ದಿನವೇ ಕಳೆದುಕೊಂಡೆ. ವಯಸ್ಸಾದ ಮೇಲೆ ಒಂದೇ ಒಂದು ಪ್ರತಿಜ್ಞೆ ಮಾಡಬಲ್ಲೆ: ನನ್ನ ಬದುಕಿಗೆ ನೆಲೆ ಕೊಟ್ಟ ಆ ವಾಕ್ಯ ಟೈಪ್ ಮೇಷ್ಟ್ರದು. ಇದಕ್ಕೆ ಇಲ್ಲ ಅನ್ನೋರು ಯಾರಮ್ಮ ಎಂದು ಅವರು ಕೇಳಿದರೆ, ಒಬ್ಬಳಿದ್ದಳು ಮೇಷ್ಟ್ರೇ, ನಾನೇ ಎನ್ನಬೇಕು.