ಅಕ್ಕ ಕಾಯಿಲೆ ಹೇಳದ ದಿನ

ನಮ್ಮಕ್ಕ ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ರೋಗಿ ಬಾಗಿಲು ದಾಟುವಷ್ಟರಲ್ಲಿ ಕಾಯಿಲೆ ಹೇಳಿಬಿಡುತ್ತಿದ್ದಳು. ಡಾಕ್ಟರುಗಳೂ ಅವಳ ಮಾತಿಗೆ ಕಿವಿಗೊಡುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಆಸ್ಪತ್ರೆಯವರು ಅವಳನ್ನು ಫೈಲುಗಳ ಕೋಣೆಯಲ್ಲಿ ಕೂರಿಸಿದರು. ಡಾಕ್ಟರು ಬರೆದದ್ದನ್ನು ಓದಿ, ಒಂದೊಂದು ಕಾಯಿಲೆಗೂ ಗೊತ್ತುಮಾಡಿದ ಕೋಡ್ ಹಾಕುವ ಕೆಲಸ. ಆದರೆ ವರ್ಷದೊಳಗೆ ಮೆಡಿಕಲ್ ಕೋಡಿಂಗ್ ಪರೀಕ್ಷೆ ಪಾಸಾಗಬೇಕು. ಇಲ್ಲದಿದ್ದರೆ ಆ ಆಸ್ಪತ್ರೆಯ ಋಣ ಮುಗಿದಂತೆ.

ಮೊದಲ ಸಲ ಫೇಲಾದಳು. ನನಗೆ ಸಿಟ್ಟೇ ಬಂತು. ಕೋಡುಗಳ ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವ ಪರೀಕ್ಷೆ ಅದು! ಇಟ್ಟಿಗೆ ಗಾತ್ರದ ಆ ಪುಸ್ತಕದ ಅಂಚಿಗೆಲ್ಲ ನಾನೇ ಕೂತು ಬಣ್ಣದ ಚೀಟಿ ಅಂಟಿಸಿದ್ದೆ.

"ಎಲ್ಲಿ ಎಡವಿದೆ ಅಕ್ಕಾ?"

"ಒಂದು ಪ್ರಶ್ನೇಲಿ ಡಾಕ್ಟ್ರು 'ನ್ಯುಮೋನಿಯಾ ಇರಬಹುದು' ಅಂತ ಬರೆದಿದ್ರು. ಓದಿದ್ರೇ ಗೊತ್ತಾಗುತ್ತೆ, ಅದು ನ್ಯುಮೋನಿಯಾನೇ. ಆ ಕೋಡನ್ನೇ ಹಾಕ್ಬಿಟ್ಟೆ."

"ಹಾಕ್ಬಾರ್ದಾ?"

"ತೋರಿಸ್ಕೊಂಡು ಮನೆಗೆ ಹೋಗೋ ರೋಗಿಗೆ 'ಇರಬಹುದು' ಅಂದ್ರೆ ಬರೀ ಕೆಮ್ಮು, ಜ್ವರ ಅಂತ ಹಾಕ್ಬೇಕು. ನಿಯಮ ಗೊತ್ತು ಕಣೇ. ಕೈ ಕೇಳಲ್ಲ."

ಅಲ್ಲಿಂದ ಮೂರು ತಿಂಗಳು, ದಿನಾ ಸಂಜೆ ಅಡುಗೆಮನೆ ಮೇಜಿನ ಮುಂದೆ ನಾನು ಡಾಕ್ಟರ ಟಿಪ್ಪಣಿ ಓದುವುದು, ಅವಳು ಕೋಡ್ ಹುಡುಕುವುದು. ಕಾಯಿಲೆ ಊಹಿಸಿದರೆ ಅವತ್ತಿನ ಪಾತ್ರೆ ಅವಳೇ ತೊಳೆಯಬೇಕು. ಮೊದಲ ತಿಂಗಳು ನನ್ನ ಕೈಗೆ ಸೋಪೇ ತಾಗಲಿಲ್ಲ.

ಎರಡನೇ ಪರೀಕ್ಷೆಯ ದಿನ ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕಾದೆ. ಅಕ್ಕ ಪುಸ್ತಕವನ್ನು ಎದೆಗವಚಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದಳು. ನಾನು ಬೆಂಚಿನಿಂದೆದ್ದು ಓಡಿದೆ.

"ಮತ್ತೆ ಹಾಕ್ಬಿಟ್ಟೆಯಾ?"

"ಇಲ್ಲ. ಒಂದು ಪ್ರಶ್ನೇಲಿ ಒಬ್ರು ವಯಸ್ಸಾದವ್ರು, ಅಡ್ಮಿಟ್ ಆಗಿರ್ಲಿಲ್ಲ, ತೋರಿಸ್ಕೊಳ್ಳೋಕೆ ಬಂದಿದ್ರು. ಎದೆನೋವು, ಮೈಯೆಲ್ಲ ಬೆವರು. ಡಾಕ್ಟ್ರು 'ಹೃದಯಾಘಾತದ ಶಂಕೆ' ಅಂತಷ್ಟೇ ಬರೆದಿದ್ರು. ನಾನು ಎದೆನೋವು, ಬೆವರು ಅಂತ ಹಾಕಿ ಮುಂದಿನ ಪ್ರಶ್ನೆಗೆ ಹೋದೆ."

"ಸರಿಯಾಗೇ ಇದೆಯಲ್ಲ!"

"ಸರಿಯಾಗಿದೆ ಕಣೇ. ಆದ್ರೆ ಅವ್ರನ್ನ ಅಲ್ಲೇ ಬಿಟ್ಟು ಎದ್ದು ಬಂದ ಹಾಗಾಯ್ತು."

"ಅಂಥವ್ರು ಯಾರೂ ಇಲ್ಲ ಅಕ್ಕಾ. ಅದೊಂದು ಪ್ರಶ್ನೆ ಅಷ್ಟೇ," ಅಂದೆ.

ವಾರದ ಮೇಲೆ ಫಲಿತಾಂಶ ಬಂತು. ಪಾಸು. ನಾನು ಕುಣಿದಾಡಿಬಿಟ್ಟೆ. ಅಕ್ಕನೂ ನಕ್ಕಳು, ಕಣ್ಣೊರೆಸಿಕೊಂಡಳು. ಊಟ ಮುಗಿಸಿ ತಟ್ಟೆ ಎತ್ತುವಾಗ ಮೆಲ್ಲಗೆ ಕೇಳಿದಳು: "ಅವ್ರನ್ನ ಯಾರಾದ್ರೂ ನೋಡ್ಕೊಂಡಿರ್ತಾರಲ್ವಾ?"

"ನೋಡ್ಕೊಂಡಿರ್ತಾರೆ ಅಕ್ಕಾ," ಅಂದೆ. ಅವತ್ತಿನ ಪಾತ್ರೆ ನಾನೇ ತೊಳೆದೆ.