ನನ್ನ ನಾಲಿಗೆಗೊಬ್ಬ ಸವತಿ

ಟಿಫಿನ್ ಡಬ್ಬಿಯಷ್ಟಿರುವ ಮಷಿನ್ ಮೇಲೆ ನೀವೆಂದಾದರೂ ಹೊಟ್ಟೆಕಿಚ್ಚು ಪಟ್ಟಿದ್ದೀರಾ? ನಾನು ಪಟ್ಟೆ. ಕಳೆದ ಭಾನುವಾರ, ಹಲಗೇರಿಯ ತವರುಮನೆಯಲ್ಲಿ, ಹತ್ತು ಜನರೆದುರು.

ನನ್ನ ನಾಲಿಗೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. (ಮಾತಿನದ್ದಲ್ಲ, ರುಚಿಯದ್ದು.) ನಮ್ಮ ಬಳಗದಲ್ಲಿ ಯಾರು ಬೋರ್ ಕೊರೆಸಿದರೂ ಮೊದಲ ಲೋಟ ನನಗೇ. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, 'ಇದರಾಗ ಬೇಳಿ ಬೇಯ್ತಾವ' ಅಂದರೆ ಮುಗಿಯಿತು, ಎಲ್ಲರೂ ಕುಡಿಯಲು ಶುರು. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಅರ್ಧ ಮನೆಯವರು ಒಯ್ಯುವುದು ನಮ್ಮ ಬೋರಿನ ನೀರನ್ನೇ. ಅದಕ್ಕೆ ಸರ್ಟಿಫಿಕೇಟ್ ಕೊಟ್ಟವಳು ಯಾರು? ನಾನೇ.

ಈಗ ನಾದಿನಿಯ ಮಗಳು ಸುಜಾತಾ ಬಂದಿದ್ದಾಳೆ. ಬ್ಯಾಡಗಿಯವಳು, ಹಾವೇರಿಯ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಅವಳ ಡಬ್ಬಿಯಲ್ಲಿ ನೀರಿಟ್ಟರೆ ಅದರ ಮೇಲೆ ನೇರಳೆ ಬೆಳಕು ಬೀಳುತ್ತದೆ. ಕೆಲವು ಕಲ್ಮಶಗಳು, ಕಣ್ಣಿಗೆ ಕಾಣದಷ್ಟಿದ್ದರೂ, ಆ ಬೆಳಕಿಗೆ ಮಿನುಗುತ್ತವೆ. ಒಳಗಿನ ಸೆನ್ಸರ್ ಅದನ್ನು ಹಿಡಿಯುತ್ತದೆ. ಬಳಗದವರೆಲ್ಲ ಈಗ ಬಾಟಲಿ ಹಿಡಿದು ಅವಳ ಹಿಂದೆ. ನನಗೆ ಲೋಟ ಕೊಡುವುದು ಬರೀ ಮರ್ಯಾದೆಗೆ.

ಭಾನುವಾರ ತಮ್ಮನ ಹೊಸ ಬೋರಿಗೆ ಇಬ್ಬರಿಗೂ ಕರೆ ಬಂತು. ತಮ್ಮನ ಹೆಂಡತಿ ಗೌರವ್ವ ಒಂದೇ ತಂಬಿಗೆಯಿಂದ ನನ್ನ ಲೋಟ ತುಂಬಿದಳು, ಸುಜಾತಾಳ ಬಾಟಲಿಯನ್ನೂ ತುಂಬಿದಳು. ಕುಡಿದೆ. 'ಎಳನೀರು ಇದ್ದಂಗ ಐತಿ' ಎಂದು ತೀರ್ಪು ಕೊಟ್ಟೆ.

ಸುಜಾತಾ ಡಬ್ಬಿ ನೋಡುತ್ತ ಹುಬ್ಬು ಗಂಟಿಕ್ಕಿದಳು. 'ಅತ್ತಿ, ಸದ್ಯಕ್ಕ ಯಾರೂ ಕುಡೀಬ್ಯಾಡ್ರಿ. ಏನೋ ಮಿನುಗಾಕತ್ತೇತಿ.'

ತಮ್ಮನ ಮುಖ ಸಣ್ಣದಾಯಿತು. ನನಗೆ? ಖುಷಿಯಾಯಿತು. ಮಷಿನ್ ಸುಳ್ಳು ಹೇಳಿ ಸಿಕ್ಕಿಬಿತ್ತು ಎಂದುಕೊಂಡೆ.

ಅಷ್ಟರಲ್ಲಿ ಸುಜಾತಾ ತಂಬಿಗೆಯ ಅಂಚಿನ ಹಳದಿ ಕಲೆ ನೋಡಿ ಗೌರವ್ವನನ್ನು ಕೇಳಿದಳು: 'ಈ ತಂಬಿಗಿ ಪೂಜಿಗಿಟ್ಟಿದ್ರೇನ್ರಿ?'

'ಮತ್ತ? ಹೊಸಾ ಬೋರಿನ ಗಂಗವ್ವಗ ಅರಿಶಿಣ ಏರಸದ ನೀರು ಹ್ಯಾಂಗ ಕೊಡೂದು? ಎರಡು ಬಟ್ಟು ನೀರಾಗ ಹಾಕೇನಿ, ಅಷ್ಟ. ನಿಮ್ಮ ಮಷಿನ್ನಿಗೂ ಒಳ್ಳೇದಾಗ್ಲಿ ಅಂತ.'

ಅರಿಶಿಣವೂ ಆ ಬೆಳಕಿಗೆ ಮಿನುಗುತ್ತದಂತೆ. ಪೈಪಿನಿಂದಲೇ ಹೊಸ ಬಾಟಲಿಗೆ ನೀರು ಹಿಡಿದು ನೋಡಿದರು. ಏನೂ ಮಿನುಗಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು. ಆ ತಂಬಿಗೆಯ ನೀರನ್ನೇ ನಾನೂ ಕುಡಿದಿದ್ದೆನಲ್ಲ? ದಿನಾ ಸಾರಿಗೆ ಹಾಕುವ ಅರಿಶಿಣ ನನ್ನ ನಾಲಿಗೆಗೆ ಗೊತ್ತೇ ಆಗಿರಲಿಲ್ಲ. ಇಷ್ಟು ವರ್ಷದಲ್ಲಿ ಇನ್ನೇನೇನು ಗೊತ್ತಾಗದೆ ಹೋಗಿದೆಯೋ?

ಹೊರಡುವಾಗ ಸುಜಾತಾ ಒಂದು ಖಾಲಿ ಬಾಟಲಿ ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದಳು: 'ಅತ್ತಿ, ನಿಮ್ಮ ಮನಿ ನೀರೂ ಒಮ್ಮೆ ನೋಡೂಣು. ಓಣಿ ಮಂದಿ ಕುಡೀತಾರಲ್ರಿ.'

ನಾಲ್ಕು ದಿನದಿಂದ ಆ ಬಾಟಲಿ ಅಡುಗೆಮನೆಯ ಕಿಟಕಿಯಲ್ಲಿದೆ. ಖಾಲಿಯಾಗಿಯೇ. ತುಂಬಿಸಲು ಎಷ್ಟು ಹೊತ್ತು ಬೇಕು? ಆ ಹುಡುಗಿಯೆದುರು ಇನ್ನೊಮ್ಮೆ ಸೋಲಲು ಮನಸ್ಸಿಲ್ಲ, ಅಷ್ಟೇ.

ಇಂದು ಬೆಳಿಗ್ಗೆ ಪಕ್ಕದ ಮನೆಯ ಶಾಂತವ್ವ ಬಂದಿದ್ದಳು, ಸೊಂಟದ ಮೇಲೆ ಮೊಮ್ಮಗು. ಕೊಡ ತುಂಬಿಸಿ, ಮಗುವಿಗೂ ಬೊಗಸೆಯಲ್ಲಿ ಎರಡು ಗುಟುಕು ಕುಡಿಸಿದಳು. 'ನಿಮ್ಮ ನಾಲಗಿ ಇರೂತನಕ ನಮಗ್ಯಾಕ್ರಿ ಆ ಮಷಿನ್ನು?' ಎಂದಳು.

ವರ್ಷಗಟ್ಟಲೆ ಕೇಳಿ ಹಿಗ್ಗಿದ ಮಾತದು. ಇಂದು ಕೇಳಿ ನನ್ನ ಬಾಯಿ ಒಣಗಿದ್ದೇಕೆ?