ಕರಗಿ ಕೂತ ಗಾಳಿ

ಕಳೆದ ವಾರ ಫ್ರಿಜ್ ರಿಪೇರಿಗೆ ಬಂದವನು ತಾಮ್ರದ ಪೈಪಿಗೆ ಬೆಸುಗೆಯ ಬೆಂಕಿ ಹಿಡಿದಾಗ ಕಾದ ಲೋಹದ, ಸುಟ್ಟ ಎಣ್ಣೆಯ ವಾಸನೆ ಅಡುಗೆಮನೆ ತುಂಬಿತು. ನನಗೆ ಕಾಕನ ನೆನಪಾಯಿತು...

ಕುದ್ರೋಳಿಯಲ್ಲಿ ಅವರದೊಂದು ಸಣ್ಣ ಫ್ರಿಜ್ ರಿಪೇರಿ ಅಂಗಡಿ ಇತ್ತು. ಬಹಳ ವರ್ಷ ಗಲ್ಫಿನಲ್ಲಿ ದುಡಿದು ಬಂದ ಬ್ಯಾರಿ ಮುಸ್ಲಿಂ ಹಿರಿಯರು, ಎಲ್ಲರಿಗೂ ಕಾಕ. ಕುಲಶೇಖರದ ನಮ್ಮ ಮನೆಗೆ ಮೊದಲು ಬಂದದ್ದು ಅಮ್ಮನ ಇನ್ಸುಲಿನ್ ಇಡುವ ಫ್ರಿಜ್ ಕೆಟ್ಟಾಗ. ಬೇರೆಯವರು ಎರಡು ಸಲ ಗ್ಯಾಸ್ ತುಂಬಿಸಿದರೂ ಅದು ತಂಪಾಗುತ್ತಿರಲಿಲ್ಲ.

ಕಾಕ ಗೇಜ್ ಹಚ್ಚಿ ನೋಡಿದರು. ನಾನು ನರ್ಸ್ ಎಂದು ಗೊತ್ತಾದಲ್ಲಿಂದ ಅವರಿಗೆ ನಾನು ಸಿಸ್ಟರ್; ಅಮ್ಮನನ್ನು ಕರೆಯುತ್ತಿದ್ದುದು ಬಾಯಿ ಎಂದು.

"ಗ್ಯಾಸ್ ಕಡಿಮೆ ಇಲ್ಲ ಸಿಸ್ಟರ್. ಗಾಳಿ ಸೇರಿದೆ. ಗ್ಯಾಸ್ ಒಳಗೆ ನೀರಾಗ್ತದಲ್ಲ, ಅದರಲ್ಲೂ ಸ್ವಲ್ಪ ಕರಗಿ ಕೂತಿದೆ, ಸೋಡದಲ್ಲಿ ಇರುವ ಹಾಗೆ. ಪೂರಾ ಖಾಲಿ ಮಾಡದೆ ಆಗುದಿಲ್ಲ."

ಎಲ್ಲ ಹೊರತೆಗೆದು, ಪಂಪ್ ಹಚ್ಚಿ, ಒಂದು ಗಂಟೆಗೂ ಹೆಚ್ಚು ಹೊತ್ತು ಪೈಪಿನ ಗಾಳಿ ಎಳೆಸಿದರು. ಅಮ್ಮ ಕೊಟ್ಟ ಚಾ ಕುಡಿಯುತ್ತ ಗೇಜಿನ ಮುಳ್ಳಿನ ಮೇಲೇ ಕಣ್ಣಿಟ್ಟು ಕೂತಿದ್ದರು. ಹೊಸ ಗ್ಯಾಸ್ ತುಂಬಿಸಿದ ಮೇಲೆ, ಇನ್ನು ತೊಂದರೆ ಇಲ್ಲವಲ್ಲ ಎಂದು ಅಮ್ಮ ಕೇಳಿದರು.

"ಇಲ್ಲ ಅಂದ್ರೆ ಸುಳ್ಳಾಗ್ತದೆ ಬಾಯಿ. ಕಂಪ್ರೆಸರ್ ಹಳತು. ಎರಡು ವರ್ಷ ನಡೆದೀತು."

ಹೆಚ್ಚುಕಡಿಮೆ ಅಷ್ಟೇ ನಡೆಯಿತು.

ಹಲವು ವರ್ಷಗಳ ಮೇಲೆ, ಉಸಿರಾಟದ ತೊಂದರೆಯೆಂದು ಅವರು ಅತ್ತಾವರದ ಆಸ್ಪತ್ರೆಯಲ್ಲಿ ನನ್ನ ವಾರ್ಡಿಗೇ ಬಂದರು. ಮಣಿಕಟ್ಟಿನಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆ. ಕಾರ್ಬನ್ ಡೈಆಕ್ಸೈಡ್ ವಿಪರೀತ ಏರಿತ್ತು. ಉಸಿರಾಟಕ್ಕೆ ನೆರವಾಗುವ ಮೆಷಿನಿನ ಮಾಸ್ಕ್ ಹಾಕಿದೆವು. ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ನನ್ನ ಬಳಿ ಮೆಲ್ಲಗೆ ಹೇಳಿದರು.

"ರಿಪೋರ್ಟ್ ಎಂತ ಸಿಸ್ಟರ್?" ಕಾಕ ಮಾಸ್ಕ್ ಸರಿಸಿ ಕೇಳಿದರು.

"ಬೇಡದ ಗ್ಯಾಸ್ ರಕ್ತದಲ್ಲಿ ಉಂಟು ಕಾಕ. ಈ ಮೆಷಿನ್ ತೆಗೀತದೆ."

ಅವರು ನಕ್ಕರು. ಆಮೇಲೆ, "ದುಬೈಯಲ್ಲಿರುವ ಮಗಳಿಗೆ ಮುಂದಿನ ತಿಂಗಳು ರಜೆ. ಈಗಲೇ ಬರ್ಲಿಕ್ಕೆ ಹೇಳ್ಬೇಕಾ?" ಎಂದರು.

ನಿಜ ಹೇಳಬೇಕಿತ್ತು. ಆ ಮುಖ ನೋಡಿ ಆಗಲಿಲ್ಲ... "ಬೇಡ ಕಾಕ, ಅವಸರ ಇಲ್ಲ. ರಜೆಯಲ್ಲೇ ಬರಲಿ" ಎಂದುಬಿಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಅವರು ಹೋದರು. ಮಗಳು ಬಂದು ಮುಟ್ಟುವಾಗ ದಫನ ಮುಗಿದಿತ್ತು. ಅವಳು ವಾರ್ಡಿಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಉಪ್ಪ ಫೋನಲ್ಲಿ ಹೇಳಿದ್ರು, ಸಿಸ್ಟರ್ ಅವಸರ ಇಲ್ಲ ಹೇಳಿದ್ದಾರೆ ಅಂತ. ಅವರಿಗೆ ಹೀಗೆ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು, ಅಲ್ವಾ?"

ನಾನು ಹೌದೆಂಬಂತೆ ತಲೆಯಾಡಿಸಿದೆ.

ಈಗ ಯಾರು ಹಾಗೆ ಕೇಳಿದರೂ ಇವತ್ತೇ ಬರಲಿಕ್ಕೆ ಹೇಳಿ ಎನ್ನುತ್ತೇನೆ. ಈ ವರ್ಷವೂ ಹಬ್ಬಕ್ಕೆ ಕಾಕನ ಮಗಳ ಮೆಸೇಜ್ ಬಂತು. ನನಗೆ ಗೊತ್ತಿತ್ತು ಎಂದು ಬರೆಯಲು ಕೂತೆ... ಬಹಳ ಹೊತ್ತು ಕೂತಿದ್ದು, ಕೊನೆಗೆ ಈದ್ ಮುಬಾರಕ್ ಎಂದಷ್ಟೇ ಕಳಿಸಿದೆ.